ಬೆಳಗಿನ ವಾಕ್ಯ, ದಿನದ ನಿರ್ಧಾರ

ಬೆಳಗ್ಗೆ ಎದ್ದು ಧರ್ಮಗ್ರಂಥದ ನಾಲ್ಕು ಸಾಲು ಓದುವ ಪದ್ಧತಿ ನಮ್ಮಲ್ಲಿ ಅನೇಕ ಮನೆಗಳಲ್ಲಿ ಉಂಟು. ಕೆಲವರ ಮನೆಯಲ್ಲಿ ಗೀತೆ, ಕೆಲವರಲ್ಲಿ ವಚನ, ಕ್ರೈಸ್ತರ ಮನೆಗಳಲ್ಲಿ ಸತ್ಯವೇದ. ಓದಿ ಪುಸ್ತಕ ಮುಚ್ಚುತ್ತೇವೆ. ಕಾಫಿ ಕುಡಿದು ಕಚೇರಿಗೋ ಅಂಗಡಿಗೋ ಹೊರಡುತ್ತೇವೆ. ಅಣ್ಣತಮ್ಮಂದಿರ ಪಾಲಿನ ಜಗಳ, ಮಗಳ ಮದುವೆಯ ಮಾತುಕತೆ, ದೂರದ ಊರಿಗೆ ಬಂದ ವರ್ಗವನ್ನು ಒಪ್ಪುವುದೋ ಬಿಡುವುದೋ ಎಂಬ ತೊಳಲಾಟ ಎಲ್ಲವೂ ಅಲ್ಲಿಂದ ಮುಂದೆ ಎದುರಾಗುತ್ತವೆ. ಬೆಳಗ್ಗೆ ಓದಿದ ಮಾತಿಗೂ ಈ ತೊಳಲಾಟಕ್ಕೂ ಏನು ಸಂಬಂಧ? ‘ಓದಿದ್ದನ್ನು ಬಾಳಿಗೆ ಅನ್ವಯಿಸಿಕೊಳ್ಳಿ’ ಎಂಬುದು ಉಪಾಧ್ಯಾಯರಾದವರು ದಿನವೂ ಹೇಳುವ ಮಾತು. ಹೇಗೆ ಎಂದು ಹುಡುಗನೊಬ್ಬ ಎದ್ದುನಿಂತು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಕ್ರೈಸ್ತರಲ್ಲಿ ಈ ಪ್ರಶ್ನೆಗೆ ದೀರ್ಘವಾದ ಚರಿತ್ರೆಯೇ ಇದೆ. ಅದರಲ್ಲಿ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ನಿಮ್ಮ ಮುಂದಿಡುತ್ತೇನೆ.

ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಹೆರ್ನ್‌ಹೂಟ್ ಎಂಬ ಚಿಕ್ಕ ಊರಿದೆ. ಮತೀಯ ಹಿಂಸೆಯನ್ನು ತಾಳಲಾರದೆ ಮೊರೇವಿಯವನ್ನು ಬಿಟ್ಟು ಬಂದ ಕೆಲವರು ೧೭೨೨ರಲ್ಲಿ ಜಿಂಜೆಂಡಾರ್ಫ್ ಎಂಬ ಪ್ರಭುವಿನ ಜಮೀನಿನಲ್ಲಿ ಕಟ್ಟಿಕೊಂಡ ಊರು ಅದು. ೧೭೨೮ರ ಮೇ ೩ರ ಸಂಜೆ ಆ ಪ್ರಭು, ಮರುದಿನವಿಡೀ ನೆನೆಯಬೇಕೆಂದು ಸಭೆಯವರಿಗೆ ಒಂದು ನುಡಿಯನ್ನು ಕೊಟ್ಟ. ಆಮೇಲೆ ಅದೇ ರೂಢಿಯಾಯಿತು. ಆ ದಿನದ ನುಡಿಯನ್ನು ಬೆಳಗ್ಗೆ ಮನೆಮನೆಗೆ ಹೋಗಿ ತಿಳಿಸುತ್ತಿದ್ದರು. ೧೭೩೧ರಿಂದ ವರ್ಷಕ್ಕೊಂದರಂತೆ ಪುಸ್ತಕ ಅಚ್ಚಾಗತೊಡಗಿತು. ಇಂದು ಅದು ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹೊರಡುತ್ತದೆ. ಅದಕ್ಕೆ ಜರ್ಮನ್ ಭಾಷೆಯಲ್ಲಿ ‘ಲೋಸುಂಗ್’ ಎಂದು ಹೆಸರು. ರಾತ್ರಿ ಪಹರೆಯ ಸೈನಿಕರು ತಮ್ಮವನೋ ಪರಕೀಯನೋ ಎಂದು ಗುರುತಿಸಲು ಹೇಳಿಸುವ ಗುಟ್ಟಿನ ಮಾತು ಎಂಬುದು ಅದರ ಅರ್ಥ. ಆ ಪದದೊಳಗೆ ‘ಲೋಸ್’, ಅಂದರೆ ಚೀಟಿ, ಎಂಬುದೂ ಅಡಗಿದೆ. ಎರಡು ಅರ್ಥವೂ ಸಲ್ಲುತ್ತವೆ. ಏಕೆಂದರೆ ಹಳೆಯ ಒಡಂಬಡಿಕೆಯ ವಾಕ್ಯಗಳನ್ನು ಹೆರ್ನ್‌ಹೂಟಿನಲ್ಲಿ ಬಹಳ ಮುಂಚಿತವಾಗಿ ಚೀಟಿ ಎತ್ತಿಯೇ ಒಂದೊಂದು ದಿನಕ್ಕೆ ಗೊತ್ತುಮಾಡುತ್ತಾರೆ. ಅದಕ್ಕೆ ಒಪ್ಪುವ ಹೊಸ ಒಡಂಬಡಿಕೆಯ ವಾಕ್ಯವನ್ನು ಮಾತ್ರ ಆಲೋಚಿಸಿ ಆರಿಸುತ್ತಾರೆ.

ಚೀಟಿ ಎಂದೊಡನೆ ನಿಮಗೊಂದು ಸಂದೇಹ ಬಂದಿರಬೇಕು. ಇದು ಶಕುನ ನೋಡಿದಂತೆ ಅಲ್ಲವೇ? ಹಾಲಕ್ಕಿ ನುಡಿದ ದಿಕ್ಕಿಗೆ ಹೊರಟಂತೆ ಅಲ್ಲವೇ? ಸಂದೇಹ ನ್ಯಾಯವಾದದ್ದೇ, ಮತ್ತು ಬಹಳ ಹಳೆಯದು. ಸಂತ ಅಗಸ್ಟೀನರು ೩೮೬ರಲ್ಲಿ ಮಿಲಾನ್ ನಗರದ ತೋಟವೊಂದರಲ್ಲಿ, ಮಗುವಿನ ದನಿಯೊಂದು ‘ತೆಗೆದು ಓದು’ ಎಂದದ್ದನ್ನು ಕೇಳಿ ಪೌಲನ ಪತ್ರಿಕೆಯನ್ನು ತೆರೆದರು. ಕಣ್ಣಿಗೆ ಬಿದ್ದ ಮೊದಲ ಮಾತಿನಿಂದಲೇ ಅವರ ಬಾಳು ತಿರುಗಿತು. ಅದೇ ಅಗಸ್ಟೀನರು ಮುಂದೆ ಬಿಷಪರಾದಾಗ, ಲೌಕಿಕ ವ್ಯವಹಾರಕ್ಕಾಗಿ ಸುವಾರ್ತೆಯ ಪುಟ ತೆರೆದು ಶಕುನ ನೋಡುವುದು ತಮಗೆ ಒಪ್ಪಿಗೆಯಿಲ್ಲವೆಂದು ಪತ್ರವೊಂದರಲ್ಲಿ ಬರೆದರು. ದೆವ್ವಗಳನ್ನು ಕೇಳಲು ಓಡುವುದಕ್ಕಿಂತ ಅದು ವಾಸಿ ಎಂಬ ಮಾತನ್ನೂ ಸೇರಿಸಿದ್ದಾರೆ! ಹಾಗಾದರೆ ಶಕುನಕ್ಕೂ ಅನ್ವಯಕ್ಕೂ ಇರುವ ಗೆರೆ ಎಲ್ಲಿ? ಇದನ್ನು ತತ್ತ್ವವಾಗಿ ಹೇಳುವುದಕ್ಕಿಂತ ಒಬ್ಬ ಮನುಷ್ಯನ ಬಾಳಿನಲ್ಲಿ ನೋಡುವುದು ಮೇಲು.

ಡೀಟ್ರಿಚ್ ಬಾನ್‌ಹೋಫರ್ ಜರ್ಮನಿಯ ಪಾದ್ರಿ, ವಿದ್ವಾಂಸರು, ಹುಟ್ಟಿದ್ದು ೧೯೦೬ರಲ್ಲಿ. ಹಿಟ್ಲರನ ಆಡಳಿತ ಕ್ರೈಸ್ತ ಸಭೆಯ ಒಳಗೂ ಕೈಚಾಚಿದಾಗ ಅದನ್ನು ಎದುರಿಸಿದವರ ಪೈಕಿ ಅವರೂ ಒಬ್ಬರು. ೧೯೩೯ರಲ್ಲಿ ಅವರಿಗೆ ಸೈನ್ಯದ ಕರೆ ಬರುವ ಹಾಗಿತ್ತು. ಒಪ್ಪಿದರೆ ಮನಸ್ಸಾಕ್ಷಿಗೆ ವಿರೋಧ. ನಿರಾಕರಿಸಿದರೆ ತಮ್ಮ ತಲೆಗೆ ಮಾತ್ರವಲ್ಲ, ತಮ್ಮ ಸಭೆಯವರ ತಲೆಗೂ ಆಪತ್ತು. ಅಮೆರಿಕದ ಸ್ನೇಹಿತರು ಅವರನ್ನು ಅಲ್ಲಿಗೆ ಕರೆಸಿಕೊಂಡರು. ಜೂನ್ ೧೨ರಂದು ಅವರು ನ್ಯೂಯಾರ್ಕಿನಲ್ಲಿ ಇಳಿದರು. ಕೊಠಡಿ ಇತ್ತು, ಕೆಲಸ ಕಾದಿತ್ತು, ಪ್ರಾಣಭಯವಿರಲಿಲ್ಲ. ಆದರೆ ಮನಸ್ಸು ನಿಲ್ಲಲಿಲ್ಲ. ಊರಿನಲ್ಲಿ ಉಳಿದ ಸಹೋದರರ ನೆನಪು, ಪತ್ರಿಕೆಗಳಲ್ಲಿ ಯುದ್ಧದ ವದಂತಿ, ಬಾರದ ಕಾಗದ, ಇವನ್ನೆಲ್ಲ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಹೆರ್ನ್‌ಹೂಟಿನ ಆ ದಿನವಾಕ್ಯಗಳನ್ನು ಪ್ರತಿನಿತ್ಯ ಓದುವುದು ಅವರ ವಾಡಿಕೆ.

ಅವರಿಗಾಗಿ ಕಾದಿದ್ದ ಕೆಲಸ, ಅಲ್ಲಿಗೆ ಓಡಿಬಂದ ಜರ್ಮನ್ ನಿರಾಶ್ರಿತರ ನಡುವಿನದು. ಅದನ್ನು ಒಪ್ಪಿದರೆ ಮತ್ತೆ ಜರ್ಮನಿಗೆ ಕಾಲಿಡುವಂತಿಲ್ಲ. ಜೂನ್ ೨೦ರಂದು ಅವರು ಬೇಡವೆಂದರು. ಅಂದಿನ ದಿನಚರಿಯನ್ನು ಓದುವವರು ಒಂದು ವಿಷಯ ಗಮನಿಸಬೇಕು. ‘ದೇವರ ವಾಕ್ಯ ನನ್ನ ನಿರ್ಧಾರವನ್ನು ಮೆಚ್ಚಿತು’ ಎಂಬ ಧಾಟಿ ಅದರಲ್ಲಿ ಎಲ್ಲಿಯೂ ಇಲ್ಲ. ತಮ್ಮ ನಿರ್ಧಾರದ ಕಾರಣಗಳು ತಮಗೇ ಸ್ಪಷ್ಟವಿಲ್ಲವೆನ್ನುತ್ತಾರೆ. ಆ ದಿನದ ವಾಕ್ಯ ದೇವರ ನಿಷ್ಪಕ್ಷಪಾತವಾದ ತೀರ್ಪನ್ನು ಕುರಿತು ಬಹಳ ಕಠಿಣವಾಗಿ ಮಾತಾಡಿತೆಂದೂ, ಹೊರಗೆ ಧೈರ್ಯದಂತೆ ಕಾಣುವ ಈ ನಿರ್ಧಾರದೊಳಗೆ ಎಷ್ಟು ಅಳುಕಿದೆ, ಎಷ್ಟು ಸ್ವಂತ ಭಾವನೆಯಿದೆ ಎಂಬುದು ದೇವರಿಗೆ ಗೊತ್ತೆಂದೂ ಬರೆಯುತ್ತಾರೆ. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತಿರುಗುಮುರುಗು: ಮೊದಲೇ ಒಂದನ್ನು ಗಟ್ಟಿಮಾಡಿಕೊಂಡು, ಅದಕ್ಕೆ ಹೌದೆನ್ನುವ ವಾಕ್ಯ ಸಿಗುವವರೆಗೆ ಪುಟ ತಿರುವುತ್ತೇವೆ. ತಮ್ಮನಿಗೆ ಪಾಲು ಕೊಡಬಾರದೆಂದಿರುವವನಿಗೆ ಸೋಮಾರಿಗಳನ್ನು ಬೈಯುವ ಜ್ಞಾನೋಕ್ತಿಯೇ ಕಣ್ಣಿಗೆ ಬೀಳುತ್ತದೆ.

ಆರು ದಿನ ಕಳೆದವು. ಜೂನ್ ೨೬ರಂದು ಬಾನ್‌ಹೋಫರರು ಆಕಸ್ಮಿಕವಾಗಿ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯ ಅಧ್ಯಾಯವನ್ನು ಓದಿದರು. ಚಳಿಗಾಲ ಬರುವುದರೊಳಗಾಗಿ ತನ್ನ ಬಳಿಗೆ ಬಂದುಬಿಡಬೇಕೆಂದು ಪೌಲನು ಅಲ್ಲಿ ಕೇಳಿಕೊಳ್ಳುತ್ತಾನೆ. ಇದನ್ನು ನನಗೇ ಹೇಳಿದ್ದೆಂದು ತೆಗೆದುಕೊಂಡರೆ ಅದು ಶಾಸ್ತ್ರದ ದುರುಪಯೋಗವಲ್ಲ ಎಂಬ ಅರ್ಥ ಬರುವಂತೆ ಅವರು ಬರೆದುಕೊಂಡರು. ಜುಲೈ ತಿಂಗಳಲ್ಲಿ ಹಡಗು ಹತ್ತಿ ತಿರುಗಿ ಹೋದರು. ಸೆಪ್ಟೆಂಬರ್ ೧ಕ್ಕೆ ಯುದ್ಧ ಪ್ರಾರಂಭವಾಯಿತು.

ದುರುಪಯೋಗವಲ್ಲ ಎಂದು ಅವರು ಏಕೆ ಹೇಳಬಲ್ಲವರಾದರು? ಇಲ್ಲಿ ನಮ್ಮ ಮೀಮಾಂಸಕರ ಒಂದು ಮಾತು ನೆನಪಿಗೆ ಬರುತ್ತದೆ. ವಾಕ್ಯದ ಅರ್ಥ ತಿಳಿಯಬೇಕಾದರೆ ಅದರ ಪ್ರಕರಣವನ್ನು ನೋಡಬೇಕೆಂದು ಅವರು ಹೇಳುತ್ತಾರೆ. ಆ ಅಧ್ಯಾಯದ ಪ್ರಕರಣವೇನು? ಪೌಲನು ಸೆರೆಯಲ್ಲಿದ್ದಾನೆ. ತನ್ನ ಕಾಲ ಮುಗಿಯಿತೆಂದು ಬಲ್ಲ. ಜೊತೆಯವರು ಒಬ್ಬೊಬ್ಬರಾಗಿ ಬಿಟ್ಟು ಹೋಗಿದ್ದಾರೆ. ತ್ರೋವದಲ್ಲಿ ಬಿಟ್ಟು ಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರುವಂತೆ ಪ್ರೀತಿಯ ಶಿಷ್ಯನಿಗೆ ಹೇಳಿ ಕಳುಹಿಸುತ್ತಾನೆ. ಆಪತ್ತಿನಲ್ಲಿರುವವನು, ದೂರದಲ್ಲಿ ಸುಖವಾಗಿರುವವನನ್ನು, ಹೊತ್ತು ಮೀರುವ ಮೊದಲು ಬಾ ಎಂದು ಕರೆಯುವ ಸಂದರ್ಭ ಅದು. ನ್ಯೂಯಾರ್ಕಿನ ಕೊಠಡಿಯಲ್ಲಿದ್ದವರ ಸಂದರ್ಭವೂ ಅದೇ ತಾನೆ? ‘ಚಳಿಗಾಲ’ ಎಂಬ ಒಂದು ಪದವನ್ನು ಕಿತ್ತುಕೊಂಡು ಅವರು ಶಕುನ ಮಾಡಲಿಲ್ಲ. ಪ್ರಕರಣಕ್ಕೆ ಪ್ರಕರಣ ಕೂಡಿತು. ಮೇಲಾಗಿ, ಕೆಲಸ ಬೇಡವೆಂಬ ನಿರ್ಧಾರ ಆರು ದಿನ ಮೊದಲೇ ಆಗಿತ್ತು. ವಿವೇಕ ಮಾಡಬೇಕಾದ ಕೆಲಸವನ್ನು ವಿವೇಕವೇ ಮಾಡಿತ್ತು. ವಾಕ್ಯ ಅದನ್ನು ಶೋಧಿಸಿತು, ಆಮೇಲೆ ಕಾಲಿಗೆ ಬಲ ಕೊಟ್ಟಿತು. ಜರ್ಮನಿಯ ಕ್ರೈಸ್ತರ ಈ ಸಂಕಟದಲ್ಲಿ ಪಾಲುಗೊಳ್ಳದೆ, ಯುದ್ಧಾನಂತರ ಅವರ ಬಾಳನ್ನು ಕಟ್ಟುವ ಕೆಲಸದಲ್ಲಿ ಪಾಲು ಕೇಳುವ ಹಕ್ಕು ತನಗಿಲ್ಲವೆಂದು ಅವರು ತಮ್ಮನ್ನು ಕರೆಸಿಕೊಂಡಿದ್ದ ರೈನ್‌ಹೋಲ್ಡ್ ನೀಬರ್ ಅವರಿಗೆ ಬರೆದ ಕಾರಣ, ಯಾವ ಚೀಟಿಯ ಆಶ್ರಯವೂ ಬೇಡದ ಕಾರಣ.

ಇಂಥ ಓದು ಒಂದು ದಿನದಲ್ಲಿ ಬರುವುದಲ್ಲ. ೧೯೩೫ರಿಂದ ೧೯೩೭ರವರೆಗೆ ಬಾನ್‌ಹೋಫರರು ಫಿಂಕೆನ್‌ವಾಲ್ಡೆ ಎಂಬಲ್ಲಿ ಎಳೆಯ ಪಾದ್ರಿಗಳಿಗೆ ಶಾಲೆ ನಡೆಸಿದರು. ಗೆಸ್ಟಾಪೊ ಪೊಲೀಸರು ಅದನ್ನು ಮುಚ್ಚಿಸಿದರು. ಅಲ್ಲಿ ಪ್ರತಿದಿನ ಬೆಳಗ್ಗೆ ಅರ್ಧ ಗಂಟೆ ಮೌನ. ವಾರವಿಡೀ ಒಂದೇ ಚಿಕ್ಕ ಭಾಗವನ್ನು ಮನನ ಮಾಡಬೇಕು. ವ್ಯಾಖ್ಯಾನಗ್ರಂಥ ತೆರೆಯುವ ಹಾಗಿಲ್ಲ. ಇದನ್ನು ಇತರರಿಗೆ ಹೇಗೆ ಬೋಧಿಸಲಿ ಎಂದು ಯೋಚಿಸುವ ಹಾಗೂ ಇಲ್ಲ. ಇದು ನನಗೆ ಏನು ಹೇಳುತ್ತದೆ, ಅಷ್ಟೇ. (ಈ ಎರಡನೆಯ ನಿಯಮ ನಮ್ಮ ಉಪಾಧ್ಯಾಯ ವರ್ಗಕ್ಕೆ ಬಲು ಕಷ್ಟದ್ದು.) ಮೊದಮೊದಲು ಹುಡುಗರು ಗೊಣಗಿದರು, ಕೆಲವರಿಗೆ ನಿದ್ದೆ ಬಂತು. ಮನಸ್ಸು ಅಲೆದರೆ ಏನು ಮಾಡಬೇಕೆಂಬುದಕ್ಕೆ ಅವರು ಕೊಟ್ಟ ಉಪಾಯ ನನಗೆ ಬಹಳ ಹಿಡಿಸಿತು. ಅದನ್ನು ಬಲವಂತವಾಗಿ ಎಳೆದು ತರಬೇಡಿ, ಅದು ಯಾರ ಬಳಿಗೆ, ಯಾವ ಸಂಗತಿಯ ಬಳಿಗೆ ಓಡುತ್ತದೆಯೋ ಅದಕ್ಕಾಗಿಯೇ ಪ್ರಾರ್ಥಿಸಿ ಎಂದರು. ಪಾಲಿನ ಜಗಳದ ಉದಾಹರಣೆಗೇ ಬರುವುದಾದರೆ, ಓದುವಾಗ ಮನಸ್ಸು ತಮ್ಮನ ಬಳಿಗೆ ಓಡಿದರೆ ಅದು ಓದಿಗೆ ಭಂಗವಲ್ಲ. ಓದು ಮುಟ್ಟಬೇಕಾದ ಸ್ಥಳವೇ ಅದು.

೧೯೪೩ರ ಏಪ್ರಿಲ್‌ನಲ್ಲಿ ಬಾನ್‌ಹೋಫರರನ್ನು ಹಿಡಿದರು. ೧೯೪೫ರ ಏಪ್ರಿಲ್ ೯ರಂದು ಫ್ಲಾಸೆನ್‌ಬರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ನಡುವೆ ಸೆರೆಮನೆಯಿಂದ ಅವರು ಬರೆದ ಕಾಗದಗಳಲ್ಲಿ ಆ ದಿನವಾಕ್ಯಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ೧೯೪೪ರ ಜುಲೈ ೨೦ರಂದು ಹಿಟ್ಲರನ ಮೇಲಿನ ಒಳಸಂಚು ವಿಫಲವಾಯಿತು. ಅದರಲ್ಲಿ ಅವರ ಹತ್ತಿರದವರೂ ಇದ್ದರು. ತಾವು ಬದುಕಿ ಹೊರಬರುವ ಆಸೆಯೂ ಅಂದಿಗೆ ಬಹುಮಟ್ಟಿಗೆ ಮುಗಿದಂತೆ. ಮರುದಿನ ಗೆಳೆಯ ಬೆಥ್ಗೆಗೆ ಒಂದು ಕಾಗದ ಬರೆದರು. ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ದಿನದ ವಾಕ್ಯವನ್ನು ಸುಮ್ಮನೆ ಓದಿ ಸಂತೋಷಪಡುವ ಗಳಿಗೆಗಳೂ ಇವೆ ಎಂದು ಅದರಲ್ಲಿದೆ. ನಿನ್ನೆಯದೂ ಇಂದಿನದೂ ವಿಶೇಷವಾಗಿ ಚೆನ್ನಾಗಿವೆ ಎಂದೂ ಇದೆ.