ಅಪ್ಪನ ಬ್ಯಾಟ್ರಿಗೆ ಹೊಸ ಬಲ್ಬು

ತಾಳವಾಡಿ ಸೀಮೆಯಲ್ಲಿ ರಾಗಿ ತೆನೆ ಹಾಲುಗಟ್ಟಿತೆಂದರೆ ಗಂಡಸರಿಗೆ ಮನೆಯಲ್ಲಿ ನಿದ್ದೆಯಿಲ್ಲ. ಹೊಲದಂಚಿನ ಅಟ್ಟಣೆಯೇ ಮನೆ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಆನೆಗಳು ಅದಕ್ಕೂ ಮೊದಲೇ ಬರುತ್ತಿದ್ದವು, ಈಗಲೂ ಬರುತ್ತವೆ. ರಾಗಿ, ಕಬ್ಬು, ಬಾಳೆ, ಮುಸುಕಿನ ಜೋಳ ಎಂಬ ಭೇದ ಅವಕ್ಕಿಲ್ಲ. ಕಾಯುವವನ ಕೈಯಲ್ಲಿ ಇರುವುದು ಒಂದು ತಮಟೆ, ಒಂದು ಬ್ಯಾಟ್ರಿ. ತಮಿಳರು ಟಾರ್ಚ್‌ಲೈಟ್ ಎನ್ನುತ್ತಾರೆ. ನಮಗೆ ಅದು ಬ್ಯಾಟ್ರಿ, ಒಳಗೆ ಹಾಕುವುದು ಶೆಲ್ಲು.

ನನ್ನದು ಅಪ್ಪ ಬಿಟ್ಟುಹೋದ ಮೂರು ಶೆಲ್ಲಿನ ಹಿತ್ತಾಳೆ ಬ್ಯಾಟ್ರಿ. ಎರಡು ವರ್ಷದ ಹಿಂದೆ ಕಾರ್ತಿಕದಲ್ಲಿ ಒಂದು ರಾತ್ರಿ ಬೇಲಿ ಮುರಿದ ಸದ್ದು ಕೇಳಿ ಅದನ್ನೇ ಹಿಡಿದು ಇಳಿದೆ. ಆ ಹಳದಿ ಬೆಳಕಿನಲ್ಲಿ ಹುಣಸೆ ಮರದ ಪಕ್ಕ ಬಂಡೆಯಂಥದ್ದು ಕಂಡಿತು. ನಮ್ಮ ಹೊಲದಲ್ಲಿ ಬಂಡೆಯೇ ಇಲ್ಲವಲ್ಲ ಎಂದು ಹೊಳೆಯುವಷ್ಟರಲ್ಲಿ ಬಂಡೆ ಕಿವಿ ಬೀಸಿತು. ನಡುವೆ ಇಪ್ಪತ್ತು ಮಾರೂ ಇರಲಿಲ್ಲ. ಅದು ಯಾಕೋ ಪಕ್ಕದ ಕಬ್ಬಿನ ಕಡೆ ತಿರುಗಿತು, ನಾನು ಅಟ್ಟಣೆ ಕಡೆ.

ಬೆಳಗ್ಗೆ ದೊಡ್ಡಪ್ಪ ಬೈದರು. "ಆ ಹಳೇದ ಮೂಲೆಗೆ ಎಸಿ ಮಗ, ಚಾರ್ಜಿಂದು ತಕ್ಕೊ." ಚಾರ್ಜಿಂದೂ ಕೊಂಡಿದ್ದೆ. ಎರಡನೇ ಮಳೆಗಾಲಕ್ಕೆ ಅದರ ಒಳಗಿನ ಬ್ಯಾಟರಿ ಸತ್ತಿತ್ತು. ಕರೆಂಟಿಲ್ಲದ ದಿನ ಅದು ಇದ್ದೂ ಇಲ್ಲದ ಹಾಗೆ. ಶೆಲ್ಲು ಯಾವ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ಮೈ ಹಳೆಯದೇ ಇರಲಿ, ಬಲ್ಬು ಮಾತ್ರ ಬದಲಿಸೋಣ ಎಂದು ಸಂತೆಯಲ್ಲಿ ಒಂದು ಎಲ್‌ಇಡಿ ಬಲ್ಬು ತಂದು ಹಾಕಿದೆ. ಕಾಲ ಬುಡದಲ್ಲಿ ಹಾಲು ಚೆಲ್ಲಿದ ಹಾಗೆ ಬೆಳಕು! ಹುಣಸೆ ಮರ ಮಾತ್ರ ಮೊದಲಿಗಿಂತಲೂ ಮಂಕು. ಒಂದೇ ವಾರಕ್ಕೆ ಆ ಬಲ್ಬೂ ಸುಟ್ಟಿತು.

ಚಾಮರಾಜನಗರದಲ್ಲಿ ರೇಡಿಯೋ ರಿಪೇರಿ ಮಾಡುವ ಹುಡುಗನೊಬ್ಬ ಎರಡೂ ಬಲ್ಬನ್ನು ಅಂಗೈಯಲ್ಲಿಟ್ಟುಕೊಂಡು ನಕ್ಕ. "ಬೆಳಕು ಜಾಸ್ತಿನೇ ಅದೆ ಕನಣ್ಣ, ಗುರಿ ಇಲ್ಲ."

ಅವನು ಹೇಳಿದ್ದು ಇಷ್ಟು. ಹಳೆ ಬಲ್ಬಿನ ತಂತಿ ನಾಲ್ಕೂ ಕಡೆಗೆ ಬೆಳಕು ಬಿಡುತ್ತದೆ. ಹೊಳೆಯುವ ಬಟ್ಟಲು ಅದನ್ನು ಒಟ್ಟುಗೂಡಿಸಿ ದೂರಕ್ಕೆ ಎಸೆಯುತ್ತದೆ. ತಂತಿ ಬಟ್ಟಲಿನ ಸರಿಯಾದ ಬಿಂದುವಿನಲ್ಲಿ ಕೂತಿದ್ದರೆ ಮಾತ್ರ ಈ ಕೆಲಸ ನಡೆಯುವುದು. ನಾನು ತಂದ ಎಲ್‌ಇಡಿಯ ಮುಖ ಮುಂದಕ್ಕಿತ್ತು, ಬೆಳಕು ಬಟ್ಟಲಿಗೆ ತಾಗುತ್ತಲೇ ಇರಲಿಲ್ಲ. ಕಾಂಡದ ಸುತ್ತ, ಹಳೆ ತಂತಿಯಷ್ಟೇ ಎತ್ತರದಲ್ಲಿ ಎಲ್‌ಇಡಿ ಕೂರಿಸಿದ ಬಲ್ಬು ಬೇಕು; ಇಲ್ಲವೇ ತಲೆಯಲ್ಲಿ ಸಣ್ಣ ಮಸೂರ ಇರುವಂಥದ್ದು. ಸುಟ್ಟದ್ದು ಯಾಕೆ? ಅದು 3 ವೋಲ್ಟಿನದು, ಎರಡು ಶೆಲ್ಲಿಗೆ ಮಾಡಿದ್ದು. ನನ್ನ ಮೂರು ಶೆಲ್ಲು ಸೇರಿದರೆ 4.5.

ಎರಡು ಶೆಲ್ಲಿನವರಿಗೆ ಬೇರೆ ತಕರಾರು. ಬಿಳಿ ಎಲ್‌ಇಡಿ ಸರಿಯಾಗಿ ಉರಿಯಲು ಸುಮಾರು 3 ವೋಲ್ಟ್ ಬೇಕು. ಶೆಲ್ಲು ಸ್ವಲ್ಪ ಇಳಿದರೂ ಬೆಳಕು ಕುಂದುತ್ತದೆ. ವೋಲ್ಟೇಜು ಏರಿಸುವ ಪುಟ್ಟ ಸರ್ಕ್ಯೂಟು ಒಳಗೇ ಇರುವ ಬಲ್ಬನ್ನು ಕೇಳಿ ತನ್ನಿ, ನಾಲ್ಕು ಕಾಸು ಹೆಚ್ಚಾದರೂ ಸರಿ.

ಅಂಗಡಿಗೆ ಹೋಗುವಾಗ ಹಳೆ ಬಲ್ಬನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ತಿರುಪಿನ ಬುಡವೋ, ಕಾಲರಿನ ಬುಡವೋ ಎಂದು ಬಾಯಲ್ಲಿ ವಿವರಿಸುವುದು ತಮಿಳಿನಲ್ಲೂ ಕಷ್ಟ, ಕನ್ನಡದಲ್ಲೂ ಕಷ್ಟ. ಹಾಕಿದ ಮೇಲೆ ಉರಿಯದಿದ್ದರೆ ಅಂಗಡಿಯವನನ್ನು ಬೈಯುವ ಮುಂಚೆ ಶೆಲ್ಲಿನ ದಿಕ್ಕು ನೋಡಿ. ಹಳೆ ಬಲ್ಬಿಗೆ ಶೆಲ್ಲು ಹಿಂದುಮುಂದಾದರೂ ನಡೆಯುತ್ತಿತ್ತು. ಎಷ್ಟೋ ಎಲ್‌ಇಡಿಗೆ ನಡೆಯದು. ನನ್ನ ಬ್ಯಾಟ್ರಿಯ ಸ್ವಿಚ್ಚಿನ ಪಟ್ಟಿಗೆ ಹಸಿರು ಕಿಲುಬು ಹಿಡಿದಿತ್ತು. ಮರಳು ಕಾಗದದಲ್ಲಿ ಉಜ್ಜಿದ ಮೇಲೇ ಬೆಳಕಿನ ಮಿಣುಕಾಟ ನಿಂತಿದ್ದು. ಸುಗ್ಗಿ ಮುಗಿದ ಮೇಲೆ ಶೆಲ್ಲು ಒಳಗೇ ಬಿಟ್ಟರೆ ಸೋರಿ ಹಿತ್ತಾಳೆಯನ್ನೇ ತಿನ್ನುತ್ತದೆ, ಅದೂ ನನ್ನ ಅನುಭವವೇ.

ಈಗಿನದು ಅರ್ಧ ವ್ಯಾಟಿನ ಬಲ್ಬು. ಹಳೆಯದರ ಮೇಲೆ 3.8 ವೋಲ್ಟ್, 0.3 ಆಂಪಿಯರ್ ಎಂದಿತ್ತು. ಗುಣಿಸಿದರೆ ಒಂದು ವ್ಯಾಟಿಗೂ ಮೇಲೆ. ಅದರಲ್ಲಿ ಬಹುಪಾಲು ಬರೀ ಬಿಸಿಯಾಗಿ ಹೋಗುತ್ತಿತ್ತು. ಹೊಸದು ಅರ್ಧದಷ್ಟೂ ನುಂಗದೆ ಹಲವು ಪಟ್ಟು ಬೆಳಗುತ್ತದೆ, ಶೆಲ್ಲು ಹೆಚ್ಚು ರಾತ್ರಿ ಬಾಳುತ್ತದೆ. ಸಂಜೆ ಗೋಡೆಗೆ ಬಿಟ್ಟು, ತಲೆಯನ್ನು ಅರ್ಧ ಸುತ್ತು ಸಡಿಲಿಸುತ್ತಾ, ಬೆಳಕು ಒಂದು ತಟ್ಟೆಯಷ್ಟಕ್ಕೆ ಕೂಡಿದಾಗ ನಿಲ್ಲಿಸಿದೆ.

ಬೆಳಕು ತೋರಿಸಿದರೆ ಆನೆ ಓಡುತ್ತದೆ ಎಂದು ಯಾರೂ ನಂಬಬೇಡಿ. ಅದರ ಕಣ್ಣಿಗೆ ಬಿಡುವುದು ನನಗಂತೂ ಧೈರ್ಯದ ಕೆಲಸವಲ್ಲ, ದಡ್ಡತನ. ಈಗ ಅಟ್ಟಣೆ ಮೇಲಿಂದಲೇ ಹುಣಸೆ ಮರ ಬುಡದಿಂದ ತುದಿವರೆಗೆ ಕಾಣುತ್ತದೆ. ಅಲ್ಲಿ ಬಂಡೆಯೇನಾದರೂ ಇದ್ದರೆ ನಾನು ಇಳಿಯುವುದಿಲ್ಲ, ತಮಟೆ ಬಡಿದು ಪಕ್ಕದ ಹೊಲದವರನ್ನು ಎಬ್ಬಿಸುತ್ತೇನೆ.

ಅಪ್ಪನ ಹಳದಿ ಬಲ್ಬನ್ನು ಎಸೆದಿಲ್ಲ. ಬ್ಯಾಟ್ರಿಯ ಹಿಂದಿನ ಮುಚ್ಚಳದೊಳಗೆ ಹೆಚ್ಚುವರಿ ಬಲ್ಬಿಗೆಂದೇ ಒಂದು ಜಾಗವಿದೆ. ಹತ್ತಿ ಸುತ್ತಿ ಅಲ್ಲೇ ಇಟ್ಟಿದ್ದೇನೆ.