ವೀಳ್ಯಕ್ಕೆ ಸೇರಿಕೊಂಡ ತಂಬಾಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಎಲೆ-ಅಡಿಕೆ ಇಲ್ಲದೆ ಮದುವೆಯ ಮಾತುಕತೆ ಮುಗಿಯುವುದಿಲ್ಲ. ದಾಂಪತ್ಯಸುಖದ ಸಂಕೇತವಾಗಿ ತಾಂಬೂಲಕ್ಕೆ ಹಿಂದಿನಿಂದಲೂ ಸ್ಥಾನವಿದೆ. ಸವದತ್ತಿಯು ಸುಗಂಧವರ್ತಿ ಎನಿಸಿಕೊಂಡು ರಟ್ಟರ ರಾಜಧಾನಿಯಾಗಿದ್ದಾಗ ಅವರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರು. ಆ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ತಾಂಬೂಲವನ್ನು ಅರಸನ ಭೋಗಗಳಲ್ಲಿ ಎಣಿಸುತ್ತದೆ. ಬ್ರಹ್ಮಚಾರಿ, ಸನ್ಯಾಸಿ, ವಿಧವೆಯರಿಗೆ ಶಾಸ್ತ್ರಕಾರರು ಅದನ್ನು ನಿಷೇಧಿಸಿದ್ದರ ಹಿಂದೆ, ಅದು ಕಾಮೋದ್ದೀಪಕವೆಂಬ ನಂಬಿಕೆಯಿತ್ತು.

ನಂಬಿಕೆಗೆ ತಕ್ಕಮಟ್ಟಿನ ಆಧಾರವೂ ಉಂಟು. ಅಡಿಕೆಯಲ್ಲಿರುವ ಅರೆಕೋಲಿನ್ ನರಮಂಡಲವನ್ನು ಚುರುಕುಗೊಳಿಸುತ್ತದೆ; ಮೈ ಬೆಚ್ಚಗಾಗಿ ಲವಲವಿಕೆ ಮೂಡುತ್ತದೆ. ಆದರೆ ಸೋಮೇಶ್ವರನ ತಾಂಬೂಲದಲ್ಲಿ ತಂಬಾಕು ಇರಲಿಲ್ಲ. ಅದು ಅಮೆರಿಕ ಖಂಡದ ಸಸ್ಯ. ಭಾರತಕ್ಕೆ ತಂದವರು ಪೋರ್ಚುಗೀಸರು. 17ನೇ ಶತಮಾನದ ಆರಂಭದಲ್ಲಿ ಆದಿಲಶಾಹಿಗಳ ವಿಜಾಪುರದಲ್ಲಿ ತಂಬಾಕನ್ನು ಕಂಡ ಮೊಗಲ್ ರಾಯಭಾರಿ ಅಸದ್ ಬೇಗ್ ಅದನ್ನು ಅಕ್ಬರನ ದರ್ಬಾರಿಗೆ ಒಯ್ದ. ಮುಂದೆ ಅದು ಎಲೆ-ಅಡಿಕೆಯೊಡನೆ ಸೇರಿತು. ಕೊನೆಗೆ ಗುಟ್ಕಾ ಚೀಟಿಯೊಳಗೂ ಬಂತು.

ತಂಬಾಕಿನ ನಿಕೋಟಿನ್ ಕೂಡ ಉತ್ತೇಜಕವೇ. ಮಿದುಳಿನಲ್ಲಿ ಡೋಪಮಿನ್ ಹೆಚ್ಚಿಸಿ ಕ್ಷಣಕಾಲ ಉಮೇದು ಕೊಡುತ್ತದೆ. ಇದನ್ನೇ ಗಂಡಸುತನದ ಬಲವೆಂದು ತಿಳಿಯುವ ಯುವಕರಿದ್ದಾರೆ. ಆದರೆ ಅದೇ ನಿಕೋಟಿನ್ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಪುರುಷಾಂಗ ನಿಮಿರುವುದು ರಕ್ತ ತುಂಬಿದಾಗ ಮಾತ್ರ. ಬೀಡಿ, ಸಿಗರೇಟು ಸೇದುವವರಲ್ಲಿ ನಿಮಿರು ದೌರ್ಬಲ್ಯ ಹೆಚ್ಚೆಂಬುದು ವೈದ್ಯಕೀಯವಾಗಿ ದೃಢಪಟ್ಟಿದೆ. ತಂಬಾಕು ಅಗಿಯುವವರಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ ಕುಗ್ಗಿರುವುದನ್ನು ಅಧ್ಯಯನಗಳು ಗುರುತಿಸಿವೆ. ಬಲ ಸಾಲದೆಂದು ಇನ್ನೊಂದು ಚೀಟಿ ಹರಿದರೆ ತೊಂದರೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಇಷ್ಟಾದರೂ ಮಕ್ಕಳಾಗದಿದ್ದರೆ ಮಾತು ಕೇಳುವವಳು ಮನೆಯ ಸೊಸೆ. ಯಲ್ಲಮ್ಮನಿಗೆ ಹರಕೆ ಹೊರುವವಳೂ ಅವಳೇ. ಗಂಡನ ತಪಾಸಣೆಯ ಮಾತು ಬರುವುದು ಎಲ್ಲಕ್ಕೂ ಕೊನೆಗೆ. ವೀರ್ಯ ಪರೀಕ್ಷೆ ಸರಳವಾದದ್ದು. ಮೊದಲು ನಡೆಯಬೇಕಾದದ್ದೂ ಅದೇ.

ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಮಾರಾಟಕ್ಕೆ ಬಂದವು. ಕೊಂಡವರು ತಾವೇ ಬೆರೆಸಿಕೊಂಡರು. ಬರೀ ಅಡಿಕೆಯೂ ನಿರಪಾಯಕಾರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಸಮಾಧಾನದ ಸಂಗತಿಯೆಂದರೆ, ಚಟ ಬಿಟ್ಟವರ ರಕ್ತನಾಳಗಳು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಬಿಡಲು ನೆರವು ಬೇಕಾದವರಿಗೆ ಕೇಂದ್ರ ಸರ್ಕಾರದ ಉಚಿತ ದೂರವಾಣಿ 1800-11-2356 ಇದೆ. ಮದುವೆಯ ವೀಳ್ಯ ಶುಭದ ಗುರುತಾಗಿಯೇ ಉಳಿಯಲಿ. ಅದರೊಳಕ್ಕೆ ತಂಬಾಕು ಬರುವುದು ಬೇಡ.