ಗಿಣ್ಣುಹಾಲಿನ ಋಣ

ಮೂರನೆಯದೋ ನಾಲ್ಕನೆಯದೋ ಸೂಲಿನಲ್ಲಿ ಸುಖವಾಗಿ ಕರುಹಾಕಿ, ಮನೆಮಂದಿಯೆಲ್ಲ ಹಿಗ್ಗುವಂತೆ ಗಿಣ್ಣುಹಾಲು ಕರೆದ ಹಸು, ಮರುದಿನವೇ ಕಾಲು ಸೋತು ಕುಸಿದು, ಕತ್ತನ್ನು ಪಕ್ಕೆಗೆ ತಿರುವಿಕೊಂಡು, ಮೆಲುಕನ್ನೂ ಮರೆತು ಮಲಗಿಬಿಡುವುದುಂಟು. ಹಾಲುಜ್ವರವೆಂದು ಕರೆಯುವ ಈ ವ್ಯಾಧಿಯಲ್ಲಿ ಮೂಗು ಒಣಗುತ್ತದೆ, ಕಿವಿ ತಣ್ಣಗಾಗುತ್ತದೆ, ಮೈಯ ಉಷ್ಣ ಏರುವ ಬದಲು ಇಳಿಯುತ್ತದೆ. ಅಷ್ಟೊಂದು ಹಾಲಿಗೆ ಯಾರದೋ ದೃಷ್ಟಿ ತಾಗಿತೆನ್ನುವವರ ಊಹೆಯನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ದೃಷ್ಟಿಯ ಮಾತು ಹಾಗಿರಲಿ, ಅನರ್ಥದ ಮೂಲವಂತೂ ಆ ಹಾಲಿನಲ್ಲಿಯೇ ಇದೆ.

ಹತ್ತು ಲೀಟರು ಗಿಣ್ಣುಹಾಲಿನೊಡನೆ ಸುಮಾರು 23 ಗ್ರಾಂ ಕ್ಯಾಲ್ಸಿಯಂ ದೇಹವನ್ನು ಬಿಟ್ಟುಹೋಗುತ್ತದೆ. ರಕ್ತದ್ರವದಲ್ಲಿ ಯಾವುದೇ ಕ್ಷಣದಲ್ಲಿ ಇರುವುದಾದರೋ ಮೂರು ಗ್ರಾಮಿನಷ್ಟು ಮಾತ್ರ. ಈ ಕೊರತೆಯನ್ನು ಅಸ್ಥಿಗಳಿಂದಲೂ ಮೇವಿನಿಂದಲೂ ತುಂಬಿಕೊಳ್ಳುವ ವ್ಯವಸ್ಥೆ ದೇಹದಲ್ಲಿ ಇದ್ದರೂ, ವಯಸ್ಸಾದ ಹಸುವಿನಲ್ಲಿ ಅದು ಎಚ್ಚೆತ್ತು ಕೆಲಸಕ್ಕೆ ತೊಡಗುವಷ್ಟರಲ್ಲಿ ಸ್ನಾಯುಗಳು ಸತ್ತ್ವಹೀನವಾಗಿ, ಹೊಟ್ಟೆಯ ಚಲನೆ ನಿಂತು, ಹೃದಯದ ಬಡಿತವೂ ಕ್ಷೀಣಿಸಿರುತ್ತದೆ.

ಈ ರಹಸ್ಯ ತಿಳಿಯುವುದಕ್ಕೆ ಮುಂಚೆಯೇ ಚಿಕಿತ್ಸೆ ದೊರಕಿತೆಂಬುದು ಪಶುವೈದ್ಯದ ಇತಿಹಾಸದಲ್ಲಿ ವಿನೋದದ ಸಂಗತಿ. ಡೆನ್ಮಾರ್ಕಿನ ಕೋಲ್ಡಿಂಗ್ ಪಟ್ಟಣದ ವೈದ್ಯ ಸ್ಮಿತ್, ಕೆಚ್ಚಲಿನಲ್ಲಿ ಯಾವುದೋ ವಿಷ ಹುಟ್ಟುತ್ತದೆಂದು ಭಾವಿಸಿ, 1897ರಲ್ಲಿ ಪೊಟ್ಯಾಸಿಯಂ ಅಯೋಡೈಡಿನ ದ್ರಾವಣವನ್ನು ಮೊಲೆಗಳ ಮೂಲಕ ಒಳಗೆ ಹೊಗಿಸಿದನು. ಅದುವರೆಗೆ ಅರ್ಧಕ್ಕಿಂತ ಹೆಚ್ಚು ಸಾಯುತ್ತಿದ್ದ ಹಸುಗಳು ಎದ್ದು ನಿಲ್ಲತೊಡಗಿದವು. ಕೆಲವೇ ವರ್ಷಗಳಲ್ಲಿ ಔಷಧವೇ ಬೇಡ, ಕೆಚ್ಚಲಿಗೆ ಬರಿಯ ಗಾಳಿ ತುಂಬಿದರೂ ಸಾಕೆಂದು ಕಂಡುಬಂದಿತು. ಕೆಚ್ಚಲು ಬಿಗಿದಾಗ ಹಾಲು ಇಳಿಯುವುದು ನಿಂತು, ಕ್ಯಾಲ್ಸಿಯಂ ರಕ್ತದಲ್ಲಿಯೇ ಉಳಿಯುತ್ತಿತ್ತು, ಅಷ್ಟೆ. ಸಿದ್ಧಾಂತ ತಪ್ಪಾಗಿದ್ದು ಕೈಗುಣ ಸರಿಯಾಗಿದ್ದ ಇಂಥ ನಿದರ್ಶನಗಳು ಅಪರೂಪ. ಸ್ಕಾಟ್‌ಲೆಂಡಿನ ಡ್ರೈಯರ್ ಮತ್ತು ಗ್ರೆಗ್ 1925ರಲ್ಲಿ ಕ್ಯಾಲ್ಸಿಯಂ ಕೊರತೆಯೇ ಕಾರಣವೆಂದು ಪ್ರತಿಪಾದಿಸಿದ ಮೇಲೆ, ಮುಂದಿನ ದಶಕದಲ್ಲಿ ಇಂದಿಗೂ ಬಳಕೆಯಲ್ಲಿರುವ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ದ್ರಾವಣ ರೂಢಿಗೆ ಬಂದಿತು.

ಈ ದ್ರಾವಣದ ಬಾಟಲಿಯನ್ನು ರಕ್ತನಾಳಕ್ಕೆ ಏರಿಸುವುದು ಸುಲಭವೆಂದು ನೋಡುವವರಿಗೆ ತೋರಬಹುದು. ಆದರೆ ತ್ವರೆಮಾಡಿದರೆ ಅದೇ ಔಷಧ ಹೃದಯವನ್ನು ನಿಲ್ಲಿಸಬಲ್ಲದು. ಆದಕಾರಣ ವೈದ್ಯನು ಎದೆಬಡಿತಕ್ಕೆ ಕಿವಿಗೊಟ್ಟು, ದ್ರಾವಣವನ್ನು ನಿಧಾನವಾಗಿ ಹರಿಯಬಿಡಬೇಕು. ಸ್ವಲ್ಪ ಹೊತ್ತಿನಲ್ಲಿ ಹಸುವಿನ ಮೈ ನಡುಗಿ, ತೇಗು ಬಂದು, ಸಗಣಿ ಹಾಕಿ, ಮೂಗಿನ ಮೇಲೆ ಮತ್ತೆ ಬೆವರಹನಿ ಮೂಡಿ, ಅದು ಎದ್ದು ನಿಂತಾಗ, ಸುತ್ತ ನೆರೆದವರು ಪವಾಡವೆಂದು ಬೆರಗಾದರೆ ಆಶ್ಚರ್ಯವಿಲ್ಲ.

ಆದರೆ ಈದು ಮಲಗಿದ ಹಸುವೆಲ್ಲ ಹಾಲುಜ್ವರದ ಹಸುವಲ್ಲ. ತೀವ್ರವಾದ ಕೆಚ್ಚಲುಬಾವು, ಹೆರಿಗೆಯಲ್ಲಿ ನೊಂದ ನರ, ರಂಜಕದ ಕೊರತೆ, ಇವೂ ಹಾಗೆಯೇ ಕೆಡಹುತ್ತವೆ. ನೋವೆಲ್ಲಿದೆಯೆಂದು ರೋಗಿ ಹೇಳಲಾರದ ಈ ಶಾಸ್ತ್ರದಲ್ಲಿ ವಿವೇಚನೆಯನ್ನು ಪುಸ್ತಕ ಮಾತ್ರವೇ ಕಲಿಸಲಾರದು. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೂ ಸೇರಿದಂತೆ ದೇಶದ ಕಾಲೇಜುಗಳಲ್ಲಿ ನಾಲ್ಕೂವರೆ ವರ್ಷದ ಪಾಠದ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ ಕಡ್ಡಾಯವಾಗಿರುವುದು ಉಚಿತವೇ ಆಗಿದೆ.

ಸಂಶೋಧನೆಯ ದೃಷ್ಟಿ ಈಗ ಚಿಕಿತ್ಸೆಯಿಂದ ನಿವಾರಣೆಯತ್ತ ಹೊರಳಿದೆ. ಗಬ್ಬದ ಕೊನೆಯ ವಾರಗಳಲ್ಲಿ ಕ್ಯಾಲ್ಸಿಯಂ ಧಾರಾಳವಾಗಿ ತಿನ್ನಿಸಿದರೆ, ಅಸ್ಥಿಯಿಂದ ಅದನ್ನು ಸೆಳೆಯುವ ದೇಹದ ಅಭ್ಯಾಸ ಜಡವಾಗುತ್ತದೆ. ಪೊಟ್ಯಾಸಿಯಂ ಹೆಚ್ಚಿರುವ ಮೇವೂ ಹಿತವಲ್ಲ. ಈಯುವ ಮುಂಚೆ ಆಮ್ಲೀಯ ಲವಣಗಳನ್ನು ಮೇವಿನಲ್ಲಿ ಬೆರೆಸಿದರೆ ಅಪಾಯ ತಗ್ಗುತ್ತದೆಂದು ನಾರ್ವೆಯ ವಿಜ್ಞಾನಿಗಳು ಕಳೆದ ಶತಮಾನದ ನಡುವಣ ದಶಕಗಳಲ್ಲಿಯೇ ತೋರಿಸಿದ್ದರು. ಬಾಟಲಿಯ ಮಹಿಮೆ ನಮ್ಮ ಹಟ್ಟಿಗಳಲ್ಲಿ ಎಲ್ಲರಿಗೂ ಗೊತ್ತು. ಈಯುವ ಮುಂಚಿನ ಮೂರು ವಾರದ ಮೇವಿನ ವಿಚಾರವನ್ನು ವೈದ್ಯನಲ್ಲಿ ಕೇಳುವವರು ಮಾತ್ರ ಇನ್ನೂ ವಿರಳ.